ಹಳೇ ಕೀಲಿಕೈ, ಹೊಸ ಬೀಗ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಅಪ್‌ಡೇಟ್‌ಗಳು ನಿಂತವು ನೋಡಿ, ಅವತ್ತಿನಿಂದ ನನಗೆ ಬರುವ ಪ್ರಶ್ನೆಗಳ ಧಾಟಿಯೇ ಬದಲಾಗಿದೆ. ಮೊದಲೆಲ್ಲ ಪ್ರಿಂಟರ್ ಮಾತು ಕೇಳ್ತಿಲ್ಲ, ಫೋನು ತುಂಬಿಹೋಗಿದೆ ಅಂತ ಬರೀತಿದ್ರು. ಈಗ ಎಲ್ಲರದೂ ಒಂದೇ ರಾಗ: ‘ಹೊಸ ವಿಂಡೋಸ್ ಹಾಕಿಸಿದ್ರೆ ಹಳೇ ಕೀ ನಡೆಯುತ್ತಾ? ಅಂಗಡಿಯವರು ಮತ್ತೆ ದುಡ್ಡು ಕೊಡ್ಬೇಕು ಅಂತಾರಲ್ಲ?’ ಮದುವೆಮನೆ ಪಂಕ್ತಿಯಲ್ಲಿ ಪಕ್ಕ ಕೂತವರೊಬ್ಬರು ಹೋಳಿಗೆ ಬಡಿಸುವ ಹೊತ್ತಿಗೆ ಇದನ್ನೇ ಕೇಳಿದರು. ಅಲ್ಲಿ ಪೂರ್ತಿ ಉತ್ತರ ಹೇಳಲಿಕ್ಕಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಬಹಳಷ್ಟು ಮನೆಗಳ ಮಟ್ಟಿಗೆ ಉತ್ತರ ಚಿಕ್ಕದು. ಮತ್ತೆ ಕೊಡಬೇಕಾಗಿಲ್ಲ. ಲ್ಯಾಪ್‌ಟಾಪ್ ಜೊತೆ ಅಸಲಿ ವಿಂಡೋಸ್ ಬಂದಿದ್ದರೆ ಅದರ ಬೆಲೆಯನ್ನು ನೀವು ಕೊಳ್ಳುವ ದಿನವೇ ಕೊಟ್ಟಾಗಿದೆ. ಆದರೆ ‘ಕೀ’ ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ಐದೈದು ಅಕ್ಷರಗಳ ಐದು ಗುಂಪು, ಒಟ್ಟು 25 ಅಕ್ಷರದ ಆ ಚೀಟಿ. ಗೊಂದಲ ಶುರುವಾಗೋದೇ ಅಲ್ಲಿಂದ. ಈಗಿನ ಕಾಲದಲ್ಲಿ ಆ ಚೀಟಿ ಮುಖ್ಯ ಅಲ್ಲ, ಅದರ ಹಿಂದಿರುವ ಹಕ್ಕು ಮುಖ್ಯ. ಆ ಹಕ್ಕು ಯಾವುದಕ್ಕೆ ಅಂಟಿಕೊಂಡಿದೆ ಅನ್ನೋದು ಇನ್ನೂ ಮುಖ್ಯ.

ಗಾಡಿ ಉದಾಹರಣೆ ತಗೊಳ್ಳಿ. ನಂಬರ್ ಪ್ಲೇಟು ಗಾಡಿಗೆ ಸೇರಿದ್ದು. ಗಾಡಿ ಗುಜರಿಗೆ ಹೋದರೆ ಅದೂ ಹೋಗುತ್ತೆ, ಬಿಚ್ಚಿ ಇನ್ನೊಂದು ಗಾಡಿಗೆ ಹಾಕುವಂತಿಲ್ಲ. ಡ್ರೈವಿಂಗ್ ಲೈಸೆನ್ಸು ಹಾಗಲ್ಲ, ಅದು ನಿಮ್ಮದು. ಇವತ್ತು ಈ ಗಾಡಿ, ನಾಳೆ ಆ ಗಾಡಿ, ಒಂದು ಸಲಕ್ಕೆ ಒಂದು. ಲ್ಯಾಪ್‌ಟಾಪ್ ಕಂಪನಿಯವರೇ ಹಾಕಿ ಕೊಟ್ಟ ವಿಂಡೋಸ್ ನಂಬರ್ ಪ್ಲೇಟಿನ ಥರ. ಅದಕ್ಕೆ ಓಇಎಂ ಲೈಸೆನ್ಸ್ ಅಂತಾರೆ. ನೀವಾಗಿ ಪೂರ್ತಿ ಬೆಲೆ ಕೊಟ್ಟು ಬಿಡಿಯಾಗಿ ಕೊಂಡದ್ದು ರೀಟೇಲ್ ಲೈಸೆನ್ಸ್. ಹಳೇ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಬಹುದು, ಎರಡರಲ್ಲೂ ಒಟ್ಟಿಗೆ ಓಡಿಸುವಂತಿಲ್ಲ. ನಮ್ಮ ಮನೆಗಳಲ್ಲಿ ಇರೋದು ಬಹುಪಾಲು ಮೊದಲನೇ ಥರದ್ದೇ.

ಹಿಂದೆ ಇಷ್ಟೆಲ್ಲ ಕಟ್ಟುನಿಟ್ಟು ಇರಲಿಲ್ಲ ಬಿಡಿ. ವಿಂಡೋಸ್ 95 ಕಾಲದಲ್ಲಿ ಸಿ.ಡಿ. ಜೊತೆ ಬರುತ್ತಿದ್ದ ಸಂಖ್ಯೆಯಲ್ಲಿ ಕೊನೆಯ ಏಳು ಅಂಕಿ ಕೂಡಿದರೆ ಬರುವ ಮೊತ್ತ 7ರಿಂದ ಭಾಗವಾಗಬೇಕು, ಹೆಚ್ಚುಕಮ್ಮಿ ಅಷ್ಟೇ ಪರೀಕ್ಷೆ. ಬರೀ ಒಂದುಗಳನ್ನೇ ಸಾಲಾಗಿ ಒತ್ತಿದರೂ ಒಪ್ಪಿಕೊಳ್ಳುತ್ತಿತ್ತು. ಏಳು ಒಂದು ಏಳು ತಾನೆ! ನಾಲ್ಕನೇ ಕ್ಲಾಸಿನ ಮಗ್ಗಿ ಬಂದರೆ ಸಾಕಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಮನೆಬಳಕೆಯ ಕಂಪ್ಯೂಟರು ತನ್ನ ಗುರುತನ್ನು ಮೈಕ್ರೋಸಾಫ್ಟಿಗೆ ತಿಳಿಸಿ ‘ಆಕ್ಟಿವೇಟ್’ ಆಗಬೇಕು ಅಂತ ಆಯ್ತು. ವಿಂಡೋಸ್ 7ರ ತನಕ ಲ್ಯಾಪ್‌ಟಾಪ್ ಬೆನ್ನಿನ ಮೇಲೆ ಬಣ್ಣದ ಸ್ಟಿಕ್ಕರ್ ಇರುತ್ತಿತ್ತು. ಬೆವರು ಕೈ ತಾಗಿ, ಟೇಬಲ್ಲಿಗೆ ಉಜ್ಜಿ, ಬಿ ಯಾವುದು 8 ಯಾವುದು ಗೊತ್ತಾಗದ ಹಾಗೆ ಅಳಿಸಿಹೋಗುತ್ತಿತ್ತು. ವಿಂಡೋಸ್ 8ರಿಂದ ಈಚೆಗೆ ಕಂಪನಿಗಳು ಕೀಯನ್ನು ಮದರ್‌ಬೋರ್ಡಿನ ಬಯೋಸ್ ಚಿಪ್ಪಿನೊಳಗೇ ಬರೆದು ಕಳಿಸತೊಡಗಿದವು. ಸ್ಟಿಕ್ಕರಿನಲ್ಲಿ ನಂಬರ್ ಇಲ್ಲವಲ್ಲ, ಇದು ಡೂಪ್ಲಿಕೇಟಾ ಅಂತ ಆಗ ಎಷ್ಟೋ ಜನ ಗಾಬರಿಬಿದ್ದಿದ್ದರು. ಡೂಪ್ಲಿಕೇಟ್ ಅಲ್ಲ, ಒಳಗೆ ಇತ್ತು.

ವಿಂಡೋಸ್ 10ರಲ್ಲಿ ಇನ್ನೊಂದು ಹೆಜ್ಜೆ. 2015ರ ಜುಲೈ 29ಕ್ಕೆ ಅದು ಬಂದಾಗ 7 ಮತ್ತು 8.1 ಇದ್ದವರಿಗೆಲ್ಲ ಒಂದು ವರ್ಷ ಉಚಿತ ಅಪ್‌ಗ್ರೇಡ್ ಅಂದರು. ಹಾಗೆ ಅಪ್‌ಗ್ರೇಡ್ ಆದವರಿಗೆ ಹೊಸ ಕೀ ಕೊಡಲಿಲ್ಲ. ಬದಲಿಗೆ ನಿಮ್ಮ ಯಂತ್ರದ ಗುರುತನ್ನು, ಅದರಲ್ಲೂ ಮದರ್‌ಬೋರ್ಡನ್ನು, ಅವರ ಸರ್ವರ್‌ನಲ್ಲಿ ಬರೆದಿಟ್ಟುಕೊಂಡರು. ಇದೇ ‘ಡಿಜಿಟಲ್ ಲೈಸೆನ್ಸ್’. ಪಹಣಿಯಲ್ಲಿ ಹೆಸರು ಏರಿದ ಹಾಗೆ. ಕೈಯಲ್ಲಿ ಕಾಗದ ಇಲ್ಲದಿದ್ದರೂ ದಾಖಲೆ ಕಚೇರಿಯಲ್ಲಿದೆ. ಮತ್ತೆ ವಿಂಡೋಸ್ ಹಾಕಿ ಇಂಟರ್‌ನೆಟ್ ಕೊಟ್ಟ ಕೂಡಲೇ ಸರ್ವರ್ ಗುರುತು ಹಿಡಿಯುತ್ತೆ.

ಇಲ್ಲೊಂದು ತಮಾಷೆ ಇದೆ. ಫಾರ್ಮ್ಯಾಟ್ ಮಾಡೋಕೆ ಮುಂಚೆ ಕೀ ಬರೆದಿಟ್ಟುಕೊಳ್ಳೋಣ ಅಂತ ಯಾವುದೋ ಕೀ ಹುಡುಕುವ ಸಾಫ್ಟ್‌ವೇರ್ ಇಳಿಸಿ, ಬಂದ 25 ಅಕ್ಷರವನ್ನು ಡೈರಿಯಲ್ಲಿ ಜೋಪಾನವಾಗಿ ಬರೆಯೋರು ತುಂಬ ಜನ. ಡಿಜಿಟಲ್ ಲೈಸೆನ್ಸ್ ಇರುವ ಯಂತ್ರದಲ್ಲಿ ಹಾಗೆ ಸಿಗೋದು ಊರಿಗೆಲ್ಲ ಒಂದೇ ಕೀ. ನಿಮ್ಮ ವಿಂಡೋಸ್ ಪ್ರೊ ಕೀಯ ಕೊನೆಯ ಐದು ಅಕ್ಷರ 3ವಿ66ಟಿ ಅಂತ ತೋರಿಸಿದರೆ ನಿಮ್ಮ ಪಕ್ಕದ ಮನೆಯವರದ್ದೂ ಅದೇ, ಲಂಡನ್ನಿನಲ್ಲಿರುವವರದ್ದೂ ಅದೇ. ಅದನ್ನು ಒತ್ತಿದರೆ ಹೋಮ್ ಇದ್ದದ್ದು ಪ್ರೊ ಆಗಬಹುದು, ಹಕ್ಕು ಮಾತ್ರ ಅದರಿಂದ ಬರೋದಿಲ್ಲ. ಡೈರಿಯ ಆ ಪುಟಕ್ಕೆ ಏನೂ ಬೆಲೆ ಇಲ್ಲ.

ನಮ್ಮ ಬೀದಿಯಲ್ಲಿ ಮನೆಯಲ್ಲೇ ಡಿಟಿಪಿ ಮಾಡುವ ಒಬ್ಬ ಹೆಣ್ಣುಮಗಳಿದ್ದಾರೆ. ಮದುವೆ ಕಾರ್ಡು, ಗೃಹಪ್ರವೇಶದ ಕರೆಯೋಲೆ, ಸ್ಕೂಲಿನ ಪ್ರಶ್ನೆಪತ್ರಿಕೆ. ಲ್ಯಾಪ್‌ಟಾಪು ವಿಂಡೋಸ್ 8.1 ಜೊತೆ ಬಂದದ್ದು, 2016ರಲ್ಲಿ ಉಚಿತವಾಗಿ 10 ಆಗಿತ್ತು. ಹಳೇ ಡಿಸ್ಕು ನಿಧಾನ ಆಯ್ತು ಅಂತ ಅಂಗಡಿಗೆ ಕೊಟ್ಟು ಎಸ್‌ಎಸ್‌ಡಿ ಹಾಕಿಸಿದರು. ವೇಗವೇನೋ ಬಂತು. ಜೊತೆಗೆ ಪರದೆಯ ಬಲಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಅಂತ ಮಸುಕು ಅಕ್ಷರವೂ ಬಂತು. ಕೇಳಿದರೆ ಅಂಗಡಿಯವನು, ‘ಡಿಸ್ಕ್ ಬದಲಾಯ್ತಲ್ಲ ಮೇಡಂ, ಹಳೇ ಲೈಸೆನ್ಸ್ ಸತ್ತುಹೋಯ್ತು. ಒರಿಜಿನಲ್ ಕೀ ನಾಲ್ಕೂವರೆ ಸಾವಿರ’ ಅಂದನಂತೆ. ನಾಲ್ಕೂವರೆ ಸಾವಿರ ಅಂದರೆ ಅವರಿಗೆ ಮದುವೆ ಸೀಸನ್ನಿನಲ್ಲಿ ಇಪ್ಪತ್ತು ದಿನ ರಾತ್ರಿ ಹನ್ನೊಂದರ ತನಕ ಕೂತು ಪ್ರೂಫ್ ತಿದ್ದಿದ ದುಡ್ಡು. ಮಗಳ ಪಿಯು ಹಾಸ್ಟೆಲಿಗೆ ಅಂತ ತೆಗೆದಿಟ್ಟಿದ್ದರಿಂದ ಕೊಡೋದಾ ಅಂತ ಯೋಚಿಸುತ್ತ ನಮ್ಮ ಮನೆಗೆ ಬಂದರು.

ತೆರೆದು ನೋಡಿದರೆ ಒಳಗೆ ಕೂತಿದ್ದದ್ದು ವಿಂಡೋಸ್ 10 ಪ್ರೊ. ಅವರ ಯಂತ್ರಕ್ಕೆ ಹಕ್ಕಿರೋದು ವಿಂಡೋಸ್ 10 ಹೋಮ್ ಸಿಂಗಲ್ ಲ್ಯಾಂಗ್ವೇಜ್‌ಗೆ. ರೋಗ ಇರೋದು ಇಲ್ಲಿ, ಡಿಸ್ಕಿನಲ್ಲಲ್ಲ. ಡಿಸ್ಕ್ ಬದಲಾಯಿಸಿದರೆ, ರ‍್ಯಾಮ್ ಹೆಚ್ಚಿಸಿದರೆ ಲೈಸೆನ್ಸ್ ಹೋಗೋದಿಲ್ಲ. ಮದರ್‌ಬೋರ್ಡ್ ಅದೇ ಇದ್ದರೆ ಗುರುತೂ ಅದೇ. ಆದರೆ ಆವೃತ್ತಿ ಬೇರೆ, ಬಗೆ ಬೇರೆ. 7, 8.1, 10, 11 ಇವು ಆವೃತ್ತಿಗಳು. ಹೋಮ್, ಹೋಮ್ ಸಿಂಗಲ್ ಲ್ಯಾಂಗ್ವೇಜ್, ಪ್ರೊ ಇವು ಬಗೆಗಳು. ಹೋಮಿನ ಹಕ್ಕಿಗೆ ಪ್ರೊ ಹಾಕಿ ಕೂತರೆ ಸರ್ವರ್ ‘ನೀನು ಯಾರೋ ಗೊತ್ತಿಲ್ಲ’ ಅನ್ನುತ್ತೆ, ಅಷ್ಟೇ. ಸೆಕೆಂಡ್ ಕ್ಲಾಸ್ ಟಿಕೆಟ್ ಹಿಡಿದು ಎ.ಸಿ. ಬೋಗಿ ಹತ್ತಿದ ಹಾಗೆ. ಟಿಕೆಟ್ ಸುಳ್ಳಲ್ಲ, ಬೋಗಿ ತಪ್ಪು. ಮೈಕ್ರೋಸಾಫ್ಟಿನ ಸೈಟಿನಿಂದ ಇಳಿಸಿದ ಮಾಮೂಲಿ ವಿಂಡೋಸ್ ಆಗಿದ್ದರೆ ಬಯೋಸಿನಲ್ಲಿರುವ ಕೀ ಓದಿ ತಾನೇ ಸರಿಯಾದ ಬಗೆ ಆರಿಸಿಕೊಳ್ಳುತ್ತಿತ್ತು. ಅಂಗಡಿಯವನ ಪೆನ್‌ಡ್ರೈವಲ್ಲಿ ಪ್ರೊ ಮಾತ್ರ ಇತ್ತು. ಬಂದ ಗಿರಾಕಿಗೆಲ್ಲ ಅದನ್ನೇ ಬಡಿಸುವ ಅಭ್ಯಾಸ.

ಅವರ ಕೆಲಸದ ಫೈಲುಗಳನ್ನೆಲ್ಲ ಮೊದಲು ಹೊರಗಿನ ಡಿಸ್ಕಿಗೆ ನಕಲು ಮಾಡಿದೆವು. ಆಮೇಲೆ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಪೆನ್‌ಡ್ರೈವ್ ತಯಾರಿಸಿ ಹೊಸದಾಗಿ ಹಾಕಿದ್ದಾಯಿತು. ಎಲ್ಲಿಯೂ ಕೀ ಒತ್ತಲಿಲ್ಲ. ವೈಫೈ ಸೇರಿಸಿ ಕಾಫಿಗೆ ಹಾಲಿಟ್ಟು ಬರುವಷ್ಟರಲ್ಲಿ ಆಕ್ಟಿವೇಟ್ ಆಗಿತ್ತು. ಆ ಹೆಣ್ಣುಮಗಳು ಮೊದಲು ಕೇಳಿದ್ದು, ‘ಹಂಗಾದ್ರೆ ನುಡಿ ಹಾಕ್ಬಹುದಾ? ಸಿಂಗಲ್ ಲ್ಯಾಂಗ್ವೇಜ್ ಅಂದ್ರೆ ಇಂಗ್ಲಿಷ್ ಒಂದೇನಾ?’ ಅಂತ. ಈ ಭಯ ಬಹಳ ಜನಕ್ಕಿದೆ, ಹಾಗಾಗಿ ಹೇಳಿಬಿಡುತ್ತೇನೆ. ಸಿಂಗಲ್ ಲ್ಯಾಂಗ್ವೇಜ್ ಅಂದರೆ ಮೆನು, ಬಟನ್ನುಗಳು ಕಾಣುವ ಭಾಷೆ ಒಂದೇ ಇರಬೇಕು ಅಂತ. ಟೈಪ್ ಮಾಡೋದಕ್ಕೆ ಕನ್ನಡ, ಹಿಂದಿ, ತೆಲುಗು ಎಷ್ಟು ಕೀಬೋರ್ಡ್ ಬೇಕಾದರೂ ಸೇರಿಸಬಹುದು. ನುಡಿ, ಬರಹ ಹಾಕಲಿಕ್ಕೂ ಅದರಿಂದ ಅಡ್ಡಿಯಿಲ್ಲ.

ಈಗ ಹಳೇ 7, 8ರ ಕೀ ಇಟ್ಟುಕೊಂಡವರ ವಿಷಯ. ಉಚಿತದ ವರ್ಷ 2016ರ ಜುಲೈಗೇ ಮುಗಿದಿದ್ದರೂ ಆ ಕೀ ಒತ್ತಿದರೆ ವಿಂಡೋಸ್ 10 ಅದೆಷ್ಟೋ ವರ್ಷ ಸುಮ್ಮನೆ ಒಪ್ಪಿಕೊಳ್ಳುತ್ತಿತ್ತು. ಹೋಮ್ ಬೇಸಿಕ್, ಹೋಮ್ ಪ್ರೀಮಿಯಂ ಕೀಗೆ 10 ಹೋಮ್. ಪ್ರೊಫೆಷನಲ್, ಅಲ್ಟಿಮೇಟ್ ಕೀಗೆ 10 ಪ್ರೊ. ಬಾಗಿಲು ಹಾಕಿದ್ದೀವಿ ಅಂತ ಬೋರ್ಡ್ ಇತ್ತು, ಚಿಲಕ ಹಾಕಿರಲಿಲ್ಲ. ಆ ಚಿಲಕ ಬಿದ್ದದ್ದು 2023ರ ಸೆಪ್ಟೆಂಬರಿನಲ್ಲಿ. ಹಳೇ ವಿಡಿಯೊಗಳಲ್ಲಿ ಇನ್ನೂ ‘7ರ ಕೀ ಹಾಕಿ, 11 ಫ್ರೀ’ ಅಂತ ಹೇಳುತ್ತಲೇ ಇರುತ್ತಾರೆ. ಅದನ್ನು ನಂಬಿ ಚೆನ್ನಾಗಿ ಓಡುತ್ತಿರುವ ಯಂತ್ರ ಒರೆಸಿ ಹಾಕಬೇಡಿ. ಅದಕ್ಕಿಂತ ಮುಂಚೆಯೇ ಒಮ್ಮೆ 10 ಆಗಿ ಆಕ್ಟಿವೇಟ್ ಆಗಿದ್ದ ಯಂತ್ರಕ್ಕೆ ತೊಂದರೆ ಇಲ್ಲ, ಮೇಲೆ ಹೇಳಿದ ಲ್ಯಾಪ್‌ಟಾಪಿನ ಹಾಗೆ ಅದರ ಹೆಸರು ಪಹಣಿಯಲ್ಲಿ ಆಗಲೇ ಇದೆ.

10ರಿಂದ 11ಕ್ಕೆ ಹೋಗೋದು ಸಲೀಸು. ಹಕ್ಕು ಎರಡಕ್ಕೂ ಒಂದೇ. ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ. ದುಡ್ಡಿಲ್ಲ, ಕೀ ಇಲ್ಲ. ಇಲ್ಲಿ ತಡೆಯೋದು ಯಂತ್ರದ ವಯಸ್ಸು. ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ಪು ಬೇಕು, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್. ಪಿಸಿ ಹೆಲ್ತ್ ಚೆಕ್ ಅನ್ನುವ ಮೈಕ್ರೋಸಾಫ್ಟಿನದೇ ಚಿಕ್ಕ ಸಾಧನ ಆಗುತ್ತೋ ಇಲ್ಲವೋ ಹೇಳಿಬಿಡುತ್ತೆ. 11 ಹಿಡಿಸಲಿಲ್ಲ, ಮತ್ತೆ 10 ಬೇಕು ಅಂದರೆ ಅಪ್‌ಗ್ರೇಡ್ ಆದ ಹತ್ತು ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ಗೋ ಬ್ಯಾಕ್’ ಒತ್ತಿ. ಹತ್ತು ದಿನ ದಾಟಿದರೆ ಫೈಲೆಲ್ಲ ತೆಗೆದಿಟ್ಟು ಹೊಸದಾಗಿ ಹಾಕಬೇಕು. ಆಗಲೂ ಅದೇ ಲೈಸೆನ್ಸ್ ನಡೆಯುತ್ತೆ. ‘11ಕ್ಕೆ ಹೋದರೆ 10ರ ಹಕ್ಕು ಸುಟ್ಟುಹೋಗುತ್ತೆ’ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ.

11 ಹಿಡಿಯದ ಹಳೇ ಯಂತ್ರದವರಿಗೆ ಇನ್ನೊಂದು ಮಾತು. ಮನೆಬಳಕೆಯ ವಿಂಡೋಸ್ 10ಕ್ಕೆ ಸುರಕ್ಷತಾ ಅಪ್‌ಡೇಟ್ ಮುಂದುವರಿಸುವ ವಿಸ್ತರಣಾ ಯೋಜನೆ 2026ರ ಅಕ್ಟೋಬರ್ 13ರ ತನಕ ಅಂತ ಪ್ರಕಟವಾಗಿದೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಕೊಂಡಿ ಬರುತ್ತೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಇದು ಹೊಸ ಲೈಸೆನ್ಸ್ ಅಲ್ಲ, ಇದ್ದ ಲೈಸೆನ್ಸಿಗೇ ಸ್ವಲ್ಪ ಆಯಸ್ಸು. ಅದೂ ಬೇಡ ಅನ್ನೋರಿಗೆ ಲಿನಕ್ಸ್ ಇದೆ. ಅದಕ್ಕೆ ಕೀಯ ಗೋಜೇ ಇಲ್ಲ, ಆದರೆ ಅದು ಬೇರೆಯದೇ ಅಂಕಣದ ವಿಷಯ.

ಇಷ್ಟು ಲೈಸೆನ್ಸ್ ಕೀ ಕತೆ. ಅದಕ್ಕಿಂತ ನನಗೆ ಹೆದರಿಕೆ ಇರೋದು ಇನ್ನೊಂದು ಕೀ ಬಗ್ಗೆ. ಬಿಟ್‌ಲಾಕರ್ ರಿಕವರಿ ಕೀ ಅಂತ 48 ಅಂಕಿಗಳದ್ದು. ಹೆಸರಲ್ಲಿ ಕೀ ಇರೋದರಿಂದ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಲೈಸೆನ್ಸ್ ಕೀ ಕಳೆದರೆ ಹೆಚ್ಚೆಂದರೆ ದುಡ್ಡು ಹೋಗುತ್ತೆ. ಬಿಟ್‌ಲಾಕರ್ ಕೀ ಕಳೆದರೆ ಡಿಸ್ಕಿನಲ್ಲಿರುವ ಮದುವೆ ಫೋಟೊ, ತೀರಿಹೋದ ಅಮ್ಮನ ಧ್ವನಿ, ಹತ್ತು ವರ್ಷದ ಲೆಕ್ಕ ಎಲ್ಲಾ ಹೋಗುತ್ತೆ. ಆಗ ಮೈಕ್ರೋಸಾಫ್ಟಿನವರಿಗೂ ತೆಗೆದುಕೊಡಲಿಕ್ಕಾಗಲ್ಲ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕು ತಾನಾಗಿ ಬೀಗ ಹಾಕಿಕೊಳ್ಳುತ್ತೆ, ನಮಗೆ ಗೊತ್ತೂ ಆಗಲ್ಲ. ವಿಂಡೋಸ್ 11 ಹಾಕೋಣ ಅಂತ ಬಯೋಸಿನಲ್ಲಿ ಟಿಪಿಎಂ, ಸೆಕ್ಯೂರ್ ಬೂಟ್ ಅಂತ ಏನೋ ಅಲುಗಿಸುತ್ತೀವಿ, ಮತ್ತೆ ಆನ್ ಮಾಡಿದಾಗ ನೀಲಿ ಪರದೆ ಮೇಲೆ 48 ಅಂಕಿ ಕೇಳುತ್ತೆ. ಆದ್ದರಿಂದ ಏನಾದರೂ ಬದಲಾಯಿಸುವ ಮುನ್ನ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು ಆ ರಿಕವರಿ ಕೀ ಅಲ್ಲಿದೆಯಾ ನೋಡಿ, ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಡೈರಿಯಲ್ಲಿ ಬರೆಯಬೇಕಾದ ಕೀ ಯಾವುದಾದರೂ ಇದ್ದರೆ ಅದು ಇದು.

ಅದೇ ಖಾತೆಯಿಂದ ಇನ್ನೊಂದು ಉಪಯೋಗ ಇದೆ. ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಲ್ಲಿ ‘ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ ಡಿಜಿಟಲ್ ಲೈಸೆನ್ಸ್‌ನಿಂದ ಆಕ್ಟಿವೇಟ್ ಆಗಿದೆ’ ಅನ್ನುವ ಅರ್ಥದ ಸಾಲು ಇರಬೇಕು. ಇಲ್ಲದಿದ್ದರೆ ಜೋಡಿಸಿ. ಗುಡುಗು ಸಿಡಿಲಿಗೆ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಹೋಗೋದು ನಮ್ಮ ಕಡೆ ಹೊಸದಲ್ಲ. ಬೋರ್ಡ್ ಬದಲಾದ ಮೇಲೆ ಟ್ರಬಲ್‌ಶೂಟ್‌ನಲ್ಲಿ ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದೆ’ ಅನ್ನೋದನ್ನ ಆರಿಸಿದರೆ ರೀಟೇಲ್ ಲೈಸೆನ್ಸನ್ನು ಹೊಸ ಬೋರ್ಡಿಗೆ ಎಳೆದುಕೊಳ್ಳಬಹುದು. ಮೊದಲೇ ಜೋಡಿಸಿರದಿದ್ದರೆ ಆ ದಾರಿ ಇಲ್ಲ. ಕಂಪನಿ ಲ್ಯಾಪ್‌ಟಾಪಿಗೆ ವಾರಂಟಿಯಲ್ಲಿ ಬೋರ್ಡ್ ಬದಲಾಯಿಸಿದರೆ ‘ವಿಂಡೋಸ್ ಆಕ್ಟಿವೇಟ್ ಮಾಡಿಕೊಡಿ’ ಅಂತ ಅವರ ಹತ್ತಿರವೇ ಕೇಳಿ. ಕೇಳಲಿಕ್ಕೆ ಸಂಕೋಚ ಬೇಡ.

ಮುನ್ನೂರು ನಾನೂರು ರೂಪಾಯಿಗೆ ವಾಟ್ಸಾಪಿನಲ್ಲಿ ಸಿಗುವ ‘ಲೈಫ್‌ಟೈಮ್ ಕೀ’ ಬಗ್ಗೆ ಹೆಚ್ಚು ಹೇಳಲ್ಲ. ಯಾವುದೋ ಸಂಸ್ಥೆಗೆ ನೂರಾರು ಯಂತ್ರಕ್ಕೆ ಅಂತ ಕೊಟ್ಟ ಕೀಯನ್ನು ಹೀಗೆ ಚಿಲ್ಲರೆಯಾಗಿ ಮಾರುವುದುಂಟು. ಅದು ಪತ್ತೆಯಾಗಿ ಮುಚ್ಚಿದ ದಿನ ಮಾರಿದವನ ಫೋನೂ ಮುಚ್ಚಿರುತ್ತೆ. ‘ಆಕ್ಟಿವೇಟರ್’ ಅಂತ ಸಿಗುವ ಸಾಫ್ಟ್‌ವೇರ್ ಇನ್ನೂ ಕೆಟ್ಟದ್ದು. ಓಡಿಸೋಕೆ ಮುಂಚೆ ಆಂಟಿವೈರಸ್ ಆಫ್ ಮಾಡಿ ಅನ್ನುತ್ತೆ. ಕಾವಲು ನಾಯಿಯನ್ನು ಕಟ್ಟಿಹಾಕಿದರೆ ಮಾತ್ರ ಬರ್ತೀನಿ ಅನ್ನೋ ನೆಂಟನನ್ನು ಯಾರಾದರೂ ಮನೆಗೆ ಕರೀತಾರಾ? ಆ ಯಂತ್ರದಲ್ಲೇ ನಾವು ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೀವಿ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಕೊನೆಯದಾಗಿ ಒಂದು ಪರೀಕ್ಷೆ, ಅರ್ಧ ನಿಮಿಷದ್ದು. ವಿಂಡೋಸ್ ಗುರುತಿನ ಬಟನ್ ಜೊತೆ ಆರ್ ಒತ್ತಿ. ಬರುವ ಪುಟ್ಟ ಚೌಕದಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಎಸ್, ಎಲ್, ಎಂ, ಜಿ, ಆರ್ ಅಂತ ಸೇರಿಸಿ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಎಕ್ಸ್, ಪಿ, ಆರ್ ಅಂತ ಬರೆದು ಎಂಟರ್ ಒತ್ತಿ. ‘ಪರ್ಮನೆಂಟ್ಲಿ ಆಕ್ಟಿವೇಟೆಡ್’ ಅಂತ ಬಂದರೆ ಮುಂದಿನ ಮಾತು ಆಡಬಹುದು. ‘ವಾಲ್ಯೂಮ್ ಆಕ್ಟಿವೇಶನ್’ ಇಂಥ ತಾರೀಕಿಗೆ ಮುಗಿಯುತ್ತೆ ಅಂತ ಬಂದರೆ ಅದು ಯಾವುದೋ ಆಫೀಸಿನ ವ್ಯವಸ್ಥೆಯ ಮೇಲೆ ಓಡುತ್ತಿದೆ, ಇಲ್ಲವೇ ಮಾರುವವನು ಆಕ್ಟಿವೇಟರ್ ಹಾಕಿದ್ದಾನೆ. ಅಂಥದ್ದಕ್ಕೆ ಆರು ತಿಂಗಳೊಳಗಿನ ತಾರೀಕು ಇರುತ್ತೆ. ಹಾಗೆ ಬಂದರೆ ತಕ್ಷಣ ಎದ್ದು ಬರಬೇಕು ಅಂತೇನಿಲ್ಲ. ಅದರ ಬಯೋಸಿನಲ್ಲಿ ಅಸಲಿ ಹೋಮ್ ಕೀ ಇದ್ದರೂ ಇರಬಹುದು. ‘ಸರಿಯಾದ ವಿಂಡೋಸ್ ಹಾಕಿ, ನನ್ನ ಎದುರಿಗೆ ಆಕ್ಟಿವೇಟ್ ಆಗಲಿ, ಆಮೇಲೆ ದುಡ್ಡು’ ಅನ್ನಿ.